ನಿಧಿ ಮೇಲೆ ಮಲಗೋ ಡ್ರ್ಯಾಗನ್ ಉಂಗುರ ತೊಡಬಾರದಾ?

ಸಿಯಾಟಲ್ ಹತ್ತಿರ ಬಂದು ನೆಲೆಸಿದ ಮೇಲೆ ನಾನು ಎರಡು ಗುಂಪಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೇನೆ. ಕೂತು ಆಡುವ ಕಥೆಯಾಟ ಇದು. ಆಡುವವರದ್ದು ಒಂದೊಂದು ಪಾತ್ರ, ಕಥೆ ನಡೆಸೋದು, ಎದುರಾಳಿಗಳನ್ನು ಆಡಿಸೋದು ಡಿಎಂ (ಡಂಜನ್ ಮಾಸ್ಟರ್), ಅಂದರೆ ನಾನು. ಏಟು ತಾಗಿತೋ ಇಲ್ಲವೋ ಅನ್ನೋದನ್ನು ಡೈಸ್ ಹೇಳುತ್ತೆ. ಗುರುವಾರ ಸಂಜೆ ಇಲ್ಲಿನ ಗೆಳೆಯರ ಮನೆಯಲ್ಲಿ. ಶನಿವಾರ ರಾತ್ರಿ ಏಳೂವರೆಗೆ ಲ್ಯಾಪ್‌ಟಾಪ್ ಮುಂದೆ. ಬೇಸಿಗೆಯಲ್ಲಾದರೆ ಆಗ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಕಾಲೇಜಿನ ಗೆಳೆಯರೆಲ್ಲ ಕಾಫಿ ಲೋಟ ಹಿಡಿದು ಕೂತಿರುತ್ತಾರೆ.

ಈ ಸಲ ಎರಡೂ ಕಡೆ ಒಂದೇ ಕಥೆ, ಒಂದೇ ಕೆಂಪು ಡ್ರ್ಯಾಗನ್. ಅದರ ಮುಂಗಾಲಿನ ಬೆರಳಿಗೆ ಒಂದು ಉಂಗುರ ಹಾಕಿದ್ದೆ. ಚಳಿಯ ಮಂತ್ರದ ಪೆಟ್ಟನ್ನು ಅರ್ಧಕ್ಕೆ ಇಳಿಸುವ ಉಂಗುರ.

ಇಲ್ಲಿನ ಟೇಬಲ್‌ನಲ್ಲಿ ಮನಸ್ತಾಪವೇ ಆಯಿತು. ವಿಝರ್ಡ್, ಅಂದರೆ ಮಂತ್ರವಾದಿಯ ಪಾತ್ರ ಆಡುವವರು ಕೋನ್ ಆಫ್ ಕೋಲ್ಡ್ ಅನ್ನೋ ಚಳಿಯ ಮಂತ್ರ ಹಾಕಿದರು. ಎಂಟು ಡೈಸ್ ಉರುಳಿಸಿ, ಒಂದೊಂದೇ ಎಣಿಸಿ, 44 ಅಂದರು. ಪೆಟ್ಟು ತಡೆದುಕೊಳ್ಳಲು ಡ್ರ್ಯಾಗನ್ ಉರುಳಿಸಿದ ಡೈಸ್ (ಸೇವ್) ಸೋತಿದ್ದರೂ, ಉಂಗುರದ ಲೆಕ್ಕದಲ್ಲಿ ನಾನು 22 ಬರೆದುಕೊಂಡೆ. ಅವರು ಪುಸ್ತಕ ತೆಗೆದು ಡ್ರ್ಯಾಗನ್ ಪುಟ ತೋರಿಸಿದರು. ಬೆಂಕಿ ತಾಗಲ್ಲ ಅಂತಿದೆ, ಚಳಿ ಬಗ್ಗೆ ಒಂದು ಮಾತೂ ಇಲ್ಲ. ಅವರ ಪ್ರಕಾರ ಡ್ರ್ಯಾಗನ್ ಅಂದರೆ ಹಲ್ಲು, ಉಗುರು, ಉಸಿರು. ರಾಶಿಯಲ್ಲಿರುವ ಮ್ಯಾಜಿಕ್ ಐಟಂ ಎಲ್ಲಾ ಗೆದ್ದವರಿಗೆ ಸೇರಿದ್ದು.

ಬೆಂಗಳೂರಿನವರು ಗುಹೆ ಬಾಗಿಲಿಗೂ ಬಂದಿರಲಿಲ್ಲ, ಆಗಲೇ ಒಬ್ಬ ಕೇಳಿದ: "ಮಗಾ, ಅಷ್ಟು ನಿಧಿ ಇಟ್ಕೊಂಡು ಮೈಮೇಲೆ ಏನೂ ಹಾಕ್ಕೊಂಡಿಲ್ವಾ ಅದು?" ನಿಧಿ ಕಾಯೋ ಘಟಸರ್ಪ, ಇಂದ್ರಜಿತುವಿನ ನಾಗಪಾಶ, ಹಿರಣ್ಯಕಶಿಪುವಿನ ವರ ಇವನ್ನೆಲ್ಲ ಕೇಳಿ ಬೆಳೆದವರು ನಾವು. ಎದುರಾಳಿ ಹತ್ತಿರ ಏನೋ ಒಂದು ಇದ್ದೇ ಇರುತ್ತೆ, ಮೊದಲು ಅದೇನು ಅಂತ ತಿಳ್ಕೋಬೇಕು ಅನ್ನೋದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವರು ಡ್ರ್ಯಾಗನ್ನನ್ನು ಬಿಟ್ಟು ಅದರ ಆಳಾದ ಪುಟ್ಟ ಜೀವಿ ಕೋಬೋಲ್ಡ್‌ನ ಬೆನ್ನು ಹತ್ತಿದರು. ಹೊಳೆ ದಂಡೆಯಲ್ಲಿ ಸಿಕ್ಕ ಕೋಬೋಲ್ಡ್‌ಗೆ ಹುರಿದ ಮೀನು ಕೊಟ್ಟು ಮಾತಿಗೆಳೆದರು. ಡ್ರ್ಯಾಗನ್‌ಗೆ ತನ್ನ ಉಂಗುರವನ್ನು ತಾನೇ ತೆಗೆಯೋಕೆ ಬರಲ್ಲ, ಉಗುರು ಅಡ್ಡ ಬರುತ್ತೆ. ವಾರಕ್ಕೊಮ್ಮೆ ಈ ಕೋಬೋಲ್ಡೇ ಅದನ್ನು ಬಿಚ್ಚಿ, ಮಸಿ ತಿಕ್ಕಿ, ಮತ್ತೆ ತೊಡಿಸೋದು. ಅವರು ಆ ದಿನಕ್ಕೇ ಕಾದು ನುಗ್ಗಿದರು. ಇದನ್ನು ನಾನು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ. ಅವರು ಕೇಳಿದ್ದಕ್ಕೆ ಹುಟ್ಟಿದ ಕಥೆ ಅದು.

ಹಾಗಾಗಿ ನಾನು ಬೆಂಗಳೂರಿನವರ ಕಡೆ. ಆಟದ 2014ರ ನಿಯಮದಲ್ಲಿ ವಯಸ್ಸಿಗೆ ಬಂದ ಕೆಂಪು ಡ್ರ್ಯಾಗನ್‌ನ ಬುದ್ಧಿಯ ಅಂಕ 16. ಸಾಮಾನ್ಯ ಮನುಷ್ಯರದ್ದು 10. ಅಷ್ಟು ಬುದ್ಧಿ ಇರೋ ಜೀವಿ ನೂರಾರು ವರ್ಷ ಮ್ಯಾಜಿಕ್ ಸಾಮಾನಿನ ಮೇಲೆ ಸುಮ್ನೆ ಮಲಗಿತ್ತು ಅಂದರೆ ನಂಬೋದು ಕಷ್ಟ ಅಲ್ವಾ? ನಿಯಮವೂ ಅಡ್ಡ ಬರಲ್ಲ. ತೊಡುವ ಐಟಂಗಳಲ್ಲಿ ಹೆಚ್ಚಿನವು ತೊಟ್ಟವರ ಅಳತೆಗೆ ತಾವೇ ಹೊಂದಿಕೊಳ್ಳುತ್ತವೆ. ಮನುಷ್ಯನ ಆಕಾರ ಇಲ್ಲದ ಜೀವಿಗೆ ಅದು ಕೆಲಸ ಮಾಡುತ್ತಾ ಅನ್ನೋದನ್ನು ಡಿಎಂ ವಿವೇಚನೆಗೆ ಬಿಟ್ಟಿದ್ದಾರೆ. ಬೂಟು ಆಗಲ್ಲ, ಉಂಗುರ ಆಗಬಹುದು. ಬೆಳ್ಳಿ ಡ್ರ್ಯಾಗನ್‌ಗೆ ಈ ತೊಂದರೆಯೇ ಇಲ್ಲ, ಅದು ಮನುಷ್ಯನ ರೂಪ ತಾಳಿ ಮೇಲಂಗಿಯನ್ನೇ ಹೊದ್ದುಕೊಳ್ಳಬಲ್ಲದು.

ಆದರೆ ಮಂತ್ರದ ಕೋಲು ಕೊಡಬೇಡಿ. ಕೋಲು ಬೀಸಿದ ಸುತ್ತಿನಲ್ಲಿ ಅದು ಕಚ್ಚೋ ಹಾಗಿಲ್ಲ, ಪರಚೋ ಹಾಗಿಲ್ಲ. ಅದರ ಬೆಂಕಿ ಉಸಿರೇ ಸರಾಸರಿ 63 ಪೆಟ್ಟು ಕೊಡುತ್ತೆ, ಇನ್ನೇನು ಬೇಕು? ತೊಟ್ಟರೆ ಸಾಕು, ತಾನಾಗೇ ಕೆಲಸ ಮಾಡುವಂಥದ್ದು ಕೊಡಿ. ಅಟ್ಯೂನ್ ಮಾಡಿಕೊಳ್ಳೋ, ಅಂದರೆ ಐಟಂ ಜೊತೆ ನಂಟು ಬೆಳೆಸಿ ಅದರ ಶಕ್ತಿ ಪಡೆಯೋ ಮಿತಿ ಮೂರು, ನನಗೆ ಕೇಳಿದರೆ ಎರಡೇ ಜಾಸ್ತಿ. ಒಮ್ಮೆ ಬೆಂಗಳೂರಿನವರ ಉತ್ಸಾಹ ನೋಡಿ ಮೂರೂ ಕೊಟ್ಟಿದ್ದೆ. ಅದರಲ್ಲೊಂದು, ಹೊಡೆಯುವವರ ಕಣ್ಣು ತಪ್ಪಿಸುವ ಮೇಲಂಗಿ. ಪಾಪ, ಫೈಟರ್ ಆಡುತ್ತಿದ್ದವಳ ಏಟು ಒಂದೂ ತಾಗಲಿಲ್ಲ. ಕೊನೆಗೆ ಅವಳು ಮಾತೇ ನಿಲ್ಲಿಸಿಬಿಟ್ಟಳು. ಆ ಮೌನ ನನಗೆ ಇನ್ನೂ ಬೇಜಾರು ತರುತ್ತೆ.

ಇಲ್ಲಿನ ವಿಝರ್ಡ್ ಹೇಳಿದ್ದರಲ್ಲೂ ಒಂದು ನ್ಯಾಯ ಇತ್ತು. ಉಂಗುರ ಇದ್ದದ್ದು ತಪ್ಪಲ್ಲ, ಅದು ಅವರ ಕಣ್ಣಿಗೆ ಬೀಳದ ಹಾಗೆ ಮಾಡಿದ್ದು ತಪ್ಪು. ಅವರು ತಮ್ಮ ದೊಡ್ಡ ಮಂತ್ರವನ್ನು ಖರ್ಚು ಮಾಡುವ ಮೊದಲೇ ಮಸಿ ಹಿಡಿದ ಬೆರಳಲ್ಲಿ ಹೊಳೆಯುವ ಕಲ್ಲನ್ನು ನಾನು ತೋರಿಸಬೇಕಿತ್ತು.

ಹೋದ ಗುರುವಾರ ಹಸಿರು ಡ್ರ್ಯಾಗನ್ ಬಂತು. ಈ ಸಲ ಉಂಗುರ ಬೇಡ ಅಂತ ಐಯೂನ್ ಸ್ಟೋನ್ ಕೊಟ್ಟೆ. ಬೆರಳೂ ಬೇಡ, ಕೊಕ್ಕೆಯೂ ಬೇಡ, ತಲೆ ಸುತ್ತ ಗಾಳಿಯಲ್ಲೇ ತಿರುಗುವ ಕಲ್ಲು. ಎಲ್ಲರಿಗೂ ಕಾಣುತ್ತೆ, ಕೈಹಾಕಿ ಕಿತ್ತುಕೊಳ್ಳೋಕೂ ನಿಯಮದಲ್ಲಿ ದಾರಿ ಇದೆ. ಡೈಸ್‌ನಲ್ಲಿ ಬಂದದ್ದು, ಪಾತ್ರದ ಬೋನಸ್ ಎಲ್ಲ ಸೇರಿ ಕನಿಷ್ಠ 24 ಆಗಬೇಕು. ಮರದ ಸಂದಿಯಿಂದ ಡ್ರ್ಯಾಗನ್ ತಲೆ ಹೊರಗೆ ಬರುವಾಗಲೇ ಆ ಕಲ್ಲಿನ ಬಣ್ಣ, ಅದು ಎಲೆಗಳಿಗೆ ತಾಗಿ ಮಾಡುವ ಸದ್ದು, ಎಲ್ಲಾ ನಿಧಾನವಾಗಿ ಹೇಳಿದೆ. ವಿಝರ್ಡ್ ಆಡುವವರು ಪೆನ್ಸಿಲ್ ಕೆಳಗಿಟ್ಟು, ಇದನ್ನು ಅದಕ್ಕೆ ಕೊಟ್ಟವರು ಯಾರು ಅಂತ ಕೇಳಿದರು. ರಾತ್ರಿ ಹನ್ನೊಂದಾದರೂ ಯಾರೂ ಕತ್ತಿ ಎತ್ತಿರಲಿಲ್ಲ, ಅದನ್ನೇ ಹುಡುಕುತ್ತಾ ಕಾಡು ಸುತ್ತುತ್ತಿದ್ದರು.