ಪಾಂಡುವಿನ ನೀರಿನ ಬೋಗುಣಿ

ಹೋದ ಬೇಸಿಗೆಯಲ್ಲಿ ನಮ್ಮ ನಾಯಿ ಪಾಂಡು ರಾತ್ರಿ ಹೊತ್ತು ಜಗಲಿಯಲ್ಲೇ ಉಚ್ಚೆ ಹೊಯ್ಯಲು ಶುರು ಮಾಡಿದ. 11 ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿದವನಲ್ಲ. ಬೆಳಿಗ್ಗೆ ನಾವು ಬಾಗಿಲು ತೆಗೆದರೆ ಕಿವಿ ಹಿಂದಕ್ಕೆ ಮಾಡಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದ. ‘ವಯಸ್ಸಾಯ್ತು, ಸುಮ್ನೆ ನೀರು ಕುಡೀತಾ ಇರ್ತಾನೆ, ಅದಕ್ಕೇ’ ಅಂತ ನಾವೇ ತೀರ್ಮಾನ ಮಾಡಿಕೊಂಡೆವು. ಪರಿಹಾರವನ್ನೂ ನಾವೇ ಹುಡುಕಿಕೊಂಡೆವು. ರಾತ್ರಿ ಎಂಟು ಗಂಟೆಯಾದರೆ ಅವನ ನೀರಿನ ಬೋಗುಣಿ ಎತ್ತಿ ಕಟ್ಟೆಯ ಮೇಲಿಡುವುದು. ಎತ್ತಿಡುತ್ತಿದ್ದವನು ನಾನೇ. ಸುಮಾರು ಮೂರು ವಾರ ಹೀಗೆ ನಡೆಯಿತು.

ಇದನ್ನು ಹೇಳಬೇಕೆಂದೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ನಮ್ಮ ಕಡೆ ನಾಯಿಗೆ ಕಾಯಿಲೆ ಅಂತ ಗೊತ್ತಾಗುವುದು ಅದು ಅನ್ನ ಬಿಟ್ಟ ದಿನ. ಪಾಂಡು ಮೊಸರನ್ನ ಮೂಸಿ ನೋಡಿ ಮುಖ ತಿರುಗಿಸಿದ ಮೇಲೆಯೇ ನಮಗೂ ಗಾಬರಿಯಾದದ್ದು. ಸಾಗರದಿಂದ 70 ಕಿ.ಮೀ. ಕಾರಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 4.8 ಬಂತು. ಆರೋಗ್ಯವಾಗಿರುವ ನಾಯಿಯಲ್ಲಿ ಅದು ಸಾಮಾನ್ಯವಾಗಿ 1.4ರ ಒಳಗಿರುತ್ತದಂತೆ. ಕಿಡ್ನಿ ಕಾಯಿಲೆಯ ನಾಲ್ಕು ಹಂತದಲ್ಲಿ ಮೂರನೆಯದರ ಕೊನೆ ಅಂದರು ಡಾಕ್ಟರು.

ಆಮೇಲೆ ಅವರು ಕೇಳಿದ ಪ್ರಶ್ನೆ: ‘ನೀರು ಜಾಸ್ತಿ ಕುಡಿಯೋಕೆ ಶುರು ಮಾಡಿ ಎಷ್ಟು ದಿನ ಆಯ್ತು?’

ನಾನು ಬೋಗುಣಿಯ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಬಿಡಿಸಿ ಹೇಳಿದರು. ಕಿಡ್ನಿ ಸೋತಾಗ ಮೊದಲು ಹೋಗುವುದು ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ. ಮೂರರಲ್ಲಿ ಎರಡು ಪಾಲು ಕೆಟ್ಟಾಗ ಉಚ್ಚೆ ನೀರಿನ ಹಾಗೆ ತೆಳ್ಳಗಾಗುತ್ತದೆ. ಮುಕ್ಕಾಲು ಪಾಲು ಕೆಟ್ಟ ಮೇಲಷ್ಟೇ ಕ್ರಿಯಾಟಿನಿನ್ ಏರುವುದು. ಅಂದರೆ ಪಾಂಡು ಕುಡಿದದ್ದಕ್ಕೆ ಉಚ್ಚೆ ಜಾಸ್ತಿಯಾದದ್ದಲ್ಲ. ಉಚ್ಚೆ ಸೋರಿ ಹೋಗುತ್ತಿತ್ತು, ಅದನ್ನು ತುಂಬಿಕೊಳ್ಳಲು ಕುಡಿಯುತ್ತಿದ್ದ. ತಳ ತೂತಾದ ಹಂಡೆಗೆ ಅವನು ನೀರು ಹಾಕುತ್ತಿದ್ದರೆ ನಾನು ನಲ್ಲಿ ನಿಲ್ಲಿಸಿದ್ದೆ.

ಯಾಕೆ ಬಂತು ಅಂತ ಖಚಿತವಾಗಿ ಹೇಳುವುದು ಕಷ್ಟ ಅಂದರು. ನಾಲ್ಕು ವರ್ಷದ ಹಿಂದೆ ಉಣ್ಣೆ ಕಚ್ಚಿ ಜ್ವರ ಬಂದಿತ್ತು. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಔಷಧಿಯನ್ನು ನಾಲ್ಕು ವಾರ ಕೊಡಬೇಕಿತ್ತು. ಎರಡು ವಾರಕ್ಕೆ ಗೆಲುವಾದ ಅಂತ ನಾವು ನಿಲ್ಲಿಸಿದ್ದೆವು. ಇನ್ನೊಮ್ಮೆ ಕುಂಟುತ್ತಿದ್ದಾನೆ ಅಂತ ಮನೆಯಲ್ಲಿದ್ದ, ನಾವು ನುಂಗುವ ನೋವಿನ ಮಾತ್ರೆಯನ್ನೇ ಅರ್ಧ ಮಾಡಿ ಕೊಟ್ಟಿದ್ದೆ. ಡೈಕ್ಲೋಫೆನಾಕ್. ದನಗಳಿಗೆ ಕೊಟ್ಟ ಇದೇ ಔಷಧಿ ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ ಲಕ್ಷಗಟ್ಟಲೆ ಕೊಂದದ್ದು, 2006ರಲ್ಲಿ ಪಶುಗಳಿಗೆ ಇದನ್ನು ನಿಷೇಧಿಸಿದ್ದು ನಾನು ಪೇಪರಿನಲ್ಲಿ ಓದಿದವನೇ. ಓದಿದ್ದು ಓದಿದ ಕಡೆಯೇ ಉಳಿಯುತ್ತದೆ ನೋಡಿ. ನಾಯಿಗೆ ಐಬುಪ್ರೊಫೆನ್ ಕೂಡ ಆಗಿಬರುವುದಿಲ್ಲ, ದ್ರಾಕ್ಷಿ ಒಣದ್ರಾಕ್ಷಿಯೂ ಆಗುವುದಿಲ್ಲ. ಮಳೆಗಾಲದ ಇಲಿ ಜ್ವರವೂ ಕಿಡ್ನಿಗೇ ಕೈ ಹಾಕುತ್ತದೆ. ಅದಕ್ಕೆ ಲಸಿಕೆ ಇದೆ, ವರ್ಷಾ ವರ್ಷಾ ಹಾಕಿಸಬೇಕು.

ಈಗ ಮನೆಯಲ್ಲೇ ಡ್ರಿಪ್ ಕೊಡುತ್ತೇನೆ. ಮೊದಲ ಸಲ ನನ್ನ ಕೈ ಎಷ್ಟು ನಡುಗಿತೆಂದರೆ ಸೂಜಿ ಅವನ ಚರ್ಮದ ಈಚೆಯಿಂದ ಹೋಗಿ ಆಚೆ ಬಂದು ನೀರೆಲ್ಲ ನನ್ನ ಪಂಚೆಯ ಮೇಲೆ. ಈಗ ಅಭ್ಯಾಸವಾಗಿದೆ. ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ನೀರಿನ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಉಗುರು ಬೆಚ್ಚಗೆ ಮಾಡುವುದು, ಕಿಟಕಿ ಸರಳಿಗೆ ನೇತು ಹಾಕುವುದು, ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಸೂಜಿ ಹಾಕುವುದು. ಡಾಕ್ಟರು ಹೇಳಿದ್ದು ದಿನ ಬಿಟ್ಟು ದಿನ 150 ಎಂ.ಎಲ್. ಅಷ್ಟು ಹೋಗುವ ಹೊತ್ತಿಗೆ ಬೆನ್ನ ಮೇಲೆ ಎತ್ತಿನ ಹಿಣಿಲಿನ ಹಾಗೆ ಒಂದು ಗುಬುಟು ಬರುತ್ತದೆ. ರಾತ್ರಿ ಅದು ಜಾರಿ ಮುಂಗಾಲಿಗೆ ಇಳಿಯುತ್ತದೆ, ಬೆಳಿಗ್ಗೆಗೆ ಮಾಯ. ಅಮ್ಮ ಅದನ್ನು ಮುಟ್ಟಿ ನೋಡಿ ‘ಪಾಪ, ನೀರು ಹೊರೆ ಹೊತ್ತಿದ್ಯನೋ’ ಅಂತ ಅವನ ಜೊತೆ ಮಾತಾಡುತ್ತಾಳೆ.

ನಿಜವಾದ ಜಗಳ ಊಟದ್ದು. ಫಾಸ್ಫರಸ್ ಕಡಿಮೆ ಇರಬೇಕು. ಹಾಗಾಗಿ ಮೂಳೆ ಇಲ್ಲ, ಲಿವರ್ ಇಲ್ಲ, ಹಾಲು ಇಲ್ಲ. ಅನ್ನ, ಮೊಟ್ಟೆಯ ಬಿಳಿ ಭಾಗ, ಬೇಯಿಸಿದ ಸೋರೆಕಾಯಿ, ಡಾಕ್ಟರು ಬರೆದುಕೊಟ್ಟ ಅಳತೆಯಲ್ಲಿ. ‘ಸಾಯೋ ನಾಯಿಗೆ ಪಥ್ಯ ಯಾಕೋ, ಬಾಯಿಗೆ ರುಚಿಯಾದ್ದು ಹಾಕು’ ಅನ್ನುವುದು ಅಮ್ಮನ ವಾದ. ನನಗೆ ಸಿಟ್ಟು ಬರುತ್ತಿತ್ತು. ಆದರೆ ಅವಳು ಹೇಳಿದ್ದರಲ್ಲೂ ಅರ್ಧ ಸತ್ಯವಿದೆ. ಪಥ್ಯವನ್ನು ಮುಟ್ಟದೇ ನಾಯಿ ಉಪವಾಸ ಕೂತರೆ ಅದೂ ಕೆಡುಕೇ, ಮೊದಲು ಏನಾದರೂ ತಿನ್ನಲಿ ಅಂದರು ಡಾಕ್ಟರು. ಈಗ ಪಥ್ಯದ ಮೇಲೆ ಒಂದು ಚಮಚ ಕೋಳಿ ಬೇಯಿಸಿದ ನೀರು ಬೀಳುತ್ತದೆ. ಅಮ್ಮ ಎರಡು ಚಮಚ ಹಾಕುತ್ತಾಳೆ ಅಂತ ನನಗೆ ಅನುಮಾನ. ಕೇಳಲು ಹೋಗಿಲ್ಲ. ಬಾಯಿಗೆ ತುರುಕುವುದನ್ನು ಮಾತ್ರ ಇಬ್ಬರೂ ಬಿಟ್ಟಿದ್ದೇವೆ. ವಾಕರಿಕೆಯಲ್ಲಿರುವವನಿಗೆ ತುರುಕಿದರೆ ಆ ಊಟವನ್ನೇ ದ್ವೇಷಿಸುತ್ತಾನೆ.

‘ಇಂಜೆಕ್ಷನ್ ಹಾಕಿಸಿಬಿಡು ಮಾರಾಯಾ, ನರಳಿಸಬೇಡ’ ಎಂದವರಿದ್ದಾರೆ. ಅವರ ಮೇಲೆ ಕೋಪವಿಲ್ಲ. ಆ ದಿನ ಬರಬಹುದು, ಬಂದರೆ ಮುಂದೆ ಹಾಕುವುದಿಲ್ಲ ಅಂತ ಡಾಕ್ಟರ ಹತ್ತಿರ ಮಾತಾಡಿಟ್ಟಿದ್ದೇನೆ. ಆದರೆ ಅದು ಪಾಂಡುವಿನ ಕಷ್ಟ ನೋಡಿ ಆಗಬೇಕೇ ಹೊರತು ಜಗಲಿ ಒರೆಸಿ ನಮಗೆ ಸಾಕಾಯ್ತು ಅಂತ ಅಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡುವುದು ಅಷ್ಟು ಸುಲಭವಿಲ್ಲ. ನಡುರಾತ್ರಿ ಮೂರನೇ ಸಲ ಒರೆಸುವಾಗ ಎರಡೂ ಒಂದೇ ಥರ ಕಾಣುತ್ತವೆ.

ನಿಮ್ಮ ಮನೆಯ ನಾಯಿಗೆ ಏಳೆಂಟು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ರಕ್ತ, ಉಚ್ಚೆ ಎರಡನ್ನೂ ಪರೀಕ್ಷೆ ಮಾಡಿಸಿ. ಬೋಗುಣಿ ದಿನಕ್ಕೆ ಎಷ್ಟು ಸಲ ತುಂಬಿಸುತ್ತೀರಿ ಅಂತ ಲೆಕ್ಕ ಇಡಿ. ಎತ್ತಿ ಮಾತ್ರ ಇಡಬೇಡಿ.

ಏಳು ತಿಂಗಳಾಯ್ತು. ಹೋದ ವಾರ ಕ್ರಿಯಾಟಿನಿನ್ 3.6 ಇತ್ತು. ಬೋಗುಣಿ ಈಗ ಎರಡು, ಒಂದು ಜಗಲಿಯಲ್ಲಿ, ಒಂದು ನನ್ನ ಮಂಚದ ಪಕ್ಕ. ರಾತ್ರಿ ಅವನು ಲಪಲಪ ಅಂತ ಕುಡಿಯುವ ಸದ್ದಿಗೆ ಎಚ್ಚರವಾಗುತ್ತದೆ. ಇನ್ನು ಹತ್ತು ಹದಿನೈದು ನಿಮಿಷಕ್ಕೆ ಬಾಗಿಲು ತೆಗೆಯಬೇಕು ಅಂತ ಎದ್ದು ಕೂರುತ್ತೇನೆ.