ಕಾರು ನಮ್ಮದು, ಕೀ ಯಾರದು?

ಬೆಳಿಗ್ಗೆಯಿಂದ ನನಗೆ ಸಿಟ್ಟು ಬರ್ತಿದೆಯೋ ಖುಷಿಯಾಗ್ತಿದೆಯೋ ಗೊತ್ತಾಗ್ತಿಲ್ಲ. ತುಮಕೂರಿನ ಬಟವಾಡಿಯ ನಮ್ಮ ಮನೆ ಗೇಟಿನ ಮುಂದೆ, ಸ್ಕೂಟರಿನಲ್ಲಿ ಬಂದ ಒಬ್ಬ ಹುಡುಗ ನಮ್ಮ ಭಾವನ ಕಾರಿಗೆ ಹೊಸ ಕೀ ಹೊಂದಿಸಿಕೊಟ್ಟು ಹೋದ. ನಮ್ಮಾಕೆ ಒಳಗಿನಿಂದ ಕಾಫಿ ತರುವಷ್ಟರಲ್ಲಿ ಕೆಲಸ ಮುಗಿದಿತ್ತು. ಇದೇ ಕೆಲಸಕ್ಕೆ ಶೋರೂಂನವರು ಏನಂದಿದ್ದರು ಗೊತ್ತಾ? "ಲಾಕ್‌ಸೆಟ್ ಪೂರ್ತಿ ಬದಲಾಯಿಸಬೇಕು ಸರ್. ಪಾರ್ಟ್ ಆರ್ಡರ್ ಹಾಕಬೇಕು. ಬಂದ ಮೇಲೆ ಫೋನ್ ಮಾಡ್ತೀವಿ, ಗಾಡಿ ಬಿಟ್ಟು ಹೋಗಿ." ಜೊತೆಗೆ ಐದಂಕಿಯ ಒಂದು ಎಸ್ಟಿಮೇಟ್ ಚೀಟಿ. ಕೀ ಒಂದು ಸಾಕು ಅಂದರೆ, "ಸಿಸ್ಟಮ್ ತಗೊಳಲ್ಲ ಸರ್." ಯಾವ ಸಿಸ್ಟಮ್ ಸ್ವಾಮಿ? ನಮ್ಮ ಮನೆ ಗೇಟಿನ ಮುಂದೆ ತಗೊಂಡಿತಲ್ಲ!

ಕೀ ಕಳೆದದ್ದು ಸಿದ್ಧಗಂಗೆಯ ಜಾತ್ರೆಯಲ್ಲಿ. ಭಾವ ಎತ್ತು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಆದರೂ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ದನಗಳ ಜಾತ್ರೆಗೆ ಹೋಗಿ, ಜೋಡಿ ಜೋಡಿ ಎತ್ತುಗಳ ಹಲ್ಲು ನೋಡಿಕೊಂಡು, ರೇಟು ಕೇಳಿಕೊಂಡು ಬರಲೇಬೇಕು. ಈ ಸಲ ಜೇಬಿನಲ್ಲಿದ್ದ ಕೀ ಅಲ್ಲೇ ಎಲ್ಲೋ ಹುಲ್ಲಿನಲ್ಲಿ ಬಿತ್ತು. ಪುಣ್ಯಕ್ಕೆ ಮನೆಯಲ್ಲಿ ಇನ್ನೊಂದಿತ್ತು.

ಶೋರೂಂನ ಚೀಟಿ ನೋಡಿ ಭಾವನಿಗೆ ರೋಷ ಬಂತು. ಆನ್‌ಲೈನಲ್ಲಿ ಒಂದು ಖಾಲಿ ಕೀ ತರಿಸಿದರು, ಮಂಡಿಪೇಟೆಯಲ್ಲಿ ಬ್ಲೇಡು ಕಟಿಂಗ್ ಮಾಡಿಸಿದರು, ಯೂಟ್ಯೂಬ್ ಹಾಕಿಕೊಂಡು ಕಾರಿನಲ್ಲಿ ಕೂತರು. "ಮನೆಯಲ್ಲೇ ಕೀ ಪ್ರೋಗ್ರಾಂ ಮಾಡಿ" ಅಂತ ಸಾವಿರಾರು ವಿಡಿಯೋ ಇವೆಯಲ್ಲ, ಅವುಗಳ ಪೂಜೆ ವಿಧಾನ ನೋಡಿದ್ದೀರಾ? ಬಾಗಿಲು ಹಾಕು. ಇಗ್ನಿಷನ್ ಆನ್ ಮಾಡು, ಆಫ್ ಮಾಡು, ಮತ್ತೆ ಆನ್, ಮತ್ತೆ ಆಫ್. ಬಾಗಿಲು ತೆಗೆ. ರಿಮೋಟಿನ ಬಟನ್ ಒತ್ತಿ ಹಿಡಿ. ಬೀದಿಯ ಮಕ್ಕಳೆಲ್ಲಾ ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದವು. ಕೊನೆಗೂ ನಾಲ್ಕೂ ಬಾಗಿಲು ಟಕ್ ಅಂದವು. ಭಾವನ ಮುಖ ನೋಡಬೇಕಿತ್ತು! ಆಮೇಲೆ ಕೀ ತಿರುಗಿಸಿದರು. ಎಂಜಿನ್ ಗುರ್ ಅಂತು, ಒಂದು ಕ್ಷಣಕ್ಕೆ ಆರಿಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಬೀಗದ ಚಿತ್ರವಿರುವ ಕೆಂಪು ದೀಪ ಮಿಣುಕತೊಡಗಿತು.

"ಭಾವ, ನೀವು ಮಾಡಿದ್ದು ರಿಮೋಟಿಗೆ. ಚಿಪ್ಪಿಗಲ್ಲ" ಅಂದೆ. ಅವರು ನನ್ನನ್ನು ಶೋರೂಂನವನನ್ನು ನೋಡಿದ ಹಾಗೇ ನೋಡಿದರು.

ಇದನ್ನು ಆ ವಿಡಿಯೋದವರು ಯಾರೂ ಹೇಳುವುದಿಲ್ಲ. ಒಂದು ಕೀ ಒಳಗೆ ಎರಡು ಬೇರೆ ಬೇರೆ ಸಾಮಾನು ಇರುತ್ತವೆ. ಒಂದು, ಬಾಗಿಲು ತೆಗೆಯುವ ರಿಮೋಟು. ಅದಕ್ಕೆ ಸೆಲ್ ಬೇಕು. ನಮ್ಮ ಕಡೆಯ ಕಾರುಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಸುತ್ತಮುತ್ತ ಅದರ ಮಾತುಕತೆ. ಇನ್ನೊಂದು, ಇಮೊಬಿಲೈಜರ್ ಚಿಪ್ಪು. ಕಪ್ಪಗೆ, ಎಷ್ಟೋ ಕೀಗಳಲ್ಲಿ ಹುಡುಕಿದರೂ ಕಣ್ಣಿಗೆ ಬೀಳದಷ್ಟು ಚಿಕ್ಕದು. ಅದಕ್ಕೆ ಸೆಲ್ಲೇ ಬೇಡ. ಕೀ ತೂರಿಸುವ ಜಾಗದ ಸುತ್ತ ಒಂದು ತಂತಿ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿಯಿಂದಲೇ ಚಿಪ್ಪಿಗೆ ಕರೆಂಟು ಸಿಗುತ್ತದೆ, ಹೆಚ್ಚಾಗಿ 125 ಕಿಲೋಹರ್ಟ್ಸ್‌ನಲ್ಲಿ. ಚಿಪ್ಪು ತನ್ನ ಗುರುತು ಹೇಳಬೇಕು. ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರು, ಅದನ್ನು ಒಪ್ಪಿದರೆ ಮಾತ್ರ ಎಂಜಿನ್ ಓಡುತ್ತದೆ. ಇಲ್ಲದಿದ್ದರೆ ಪೆಟ್ರೋಲ್ ಸಪ್ಲೈ ಕಟ್. ಅದಕ್ಕೇ ರಿಮೋಟಿನ ಸೆಲ್ ಸತ್ತರೂ ಗಾಡಿ ಸ್ಟಾರ್ಟ್ ಆಗುವುದು. ನಂಬಿಕೆ ಇಲ್ಲದವರು ಚಿಪ್ ಕೀಯ ತಲೆಗೆ ಚಪಾತಿ ಸುತ್ತುವ ಫಾಯಿಲ್ ಒತ್ತಾಗಿ ಸುತ್ತಿ ತಿರುಗಿಸಿ ನೋಡಿ, ಚಿಪ್ಪಿನ ಮಾತು ಹೊರಗೆ ಬರದೆ ಎಂಜಿನ್ ಓಡಲ್ಲ.

ವಿಡಿಯೋದ ಆನ್-ಆಫ್ ಪೂಜೆಯಿಂದ ಹೊಂದುವುದು ಹೆಚ್ಚಿನ ಗಾಡಿಗಳಲ್ಲಿ ರಿಮೋಟು ಮಾತ್ರ. ಚಿಪ್ಪನ್ನು ಸೇರಿಸೋಕೆ ಕಾರಿನ ಕಂಪ್ಯೂಟರಿನ ಅಪ್ಪಣೆ ಬೇಕು. ಅಪ್ಪಣೆ ಕೊಡುವ ಪಿನ್ ಕೋಡು, ಅಂದರೆ ಆ ಕಾರಿನ ಗುಪ್ತ ಸಂಖ್ಯೆ, ಕಂಪನಿ ಹತ್ತಿರ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಮನೆ ಕಟ್ಟಿಸಿ, ಗೃಹಪ್ರವೇಶ ಮಾಡಿ, ಊಟ ಹಾಕಿಸಿ ಆದ ಮೇಲೂ ಬೀಗದ ಕೈ ಮೇಸ್ತ್ರಿ ಸೊಂಟದಲ್ಲೇ ಇದ್ದ ಹಾಗಾಯಿತಲ್ಲ! ದುಡ್ಡು ನಾವು ಕೊಟ್ಟಿದ್ದೇವೆ, ಆರ್‌ಸಿಯಲ್ಲಿ ಹೆಸರು ನಮ್ಮದು, ಸಾಲದ ಕಂತು ನಮ್ಮದು. ಕೀ ಮಾತ್ರ ಅವರನ್ನು ಕೇಳಿ ಮಾಡಿಸಬೇಕು.

ಆಗುವುದೇ ಇಲ್ಲ ಅಂತಿದ್ದರೆ ಸುಮ್ನಿರಬಹುದಿತ್ತು. ಅಮೆರಿಕದಲ್ಲಿ ಮಾರಿದ ಎಷ್ಟೋ ಫೋರ್ಡ್ ಗಾಡಿಗಳಲ್ಲಿ ಇದನ್ನು ಓನರೇ ಮಾಡಬಹುದು, ಗಾಡಿ ಜೊತೆ ಕೊಡುವ ಪುಸ್ತಕದಲ್ಲೇ ಬರೆದಿದೆ. ನಡೆಯುವ ಎರಡು ಕೀ ಕೈಯಲ್ಲಿರಬೇಕು. ಮೊದಲನೆಯದನ್ನು ಹಾಕಿ ಆನ್ ಮಾಡಿ ಆಫ್ ಮಾಡಬೇಕು, ಹಿಂದೆಯೇ ಎರಡನೆಯದು, ಕೆಲವೇ ಸೆಕೆಂಡಿನೊಳಗೆ ಹೊಸದು. ಮೂರನೆಯದೂ ಮನೆಮಂದಿ ಲೆಕ್ಕಕ್ಕೆ ಸೇರಿಕೊಂಡಿತು. ಒಂದೇ ಕೀ ಇದ್ದರೆ ಆಗಲ್ಲ, ಕಾರಿನ ಕಂಪ್ಯೂಟರಿಗೆ ಸಿಕ್ಕಿಸುವ ಸ್ಕ್ಯಾನರ್ ಬೇಕು. ಎಷ್ಟು ನ್ಯಾಯವಾಗಿದೆ ನೋಡಿ! ಎರಡು ಅಸಲಿ ಕೀ ಇಟ್ಟುಕೊಂಡು ಮನೆ ಮುಂದೆ ಕೂತವನು ಕಳ್ಳನಾಗಿರೋಕೆ ಸಾಧ್ಯವಾ?

ಈಗ ನಮ್ಮ ಎಂಜಿನಿಯರ್ ಗೆಳೆಯರು ಬರುತ್ತಾರೆ. "ಸೆಕ್ಯೂರಿಟಿ ಸರ್, ಎಲ್ಲರಿಗೂ ಕೊಟ್ಟರೆ ಕಳ್ಳರಿಗೂ ಕೊಟ್ಟ ಹಾಗಲ್ವಾ?" ಇಮೊಬಿಲೈಜರ್ ಬಂದ ಮೇಲೆ ತಂತಿ ಜೋಡಿಸಿ ಕಾರು ಓಡಿಸಿಕೊಂಡು ಹೋಗುವ ಕಾಲ ಹೋಯಿತು, ಒಪ್ಪಿದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದೂ ಅದಕ್ಕೇ. ಆದರೆ ಕಳ್ಳ ಕಂಪನಿಯ ಅಪ್ಪಣೆಗೆ ಕಾಯುತ್ತಾ ಕೂತಿದ್ದಾನೆ ಅಂತ ನಿಮಗೆ ಯಾರು ಹೇಳಿದರು? ಲಕ್ಷಾಂತರ ಕಾರುಗಳ ಕೀಯಲ್ಲಿದ್ದ ಒಂದು ಜಾತಿಯ ಚಿಪ್ಪಿನ ಗುಟ್ಟನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2005ರಲ್ಲೇ ಬಿಡಿಸಿ ತೋರಿಸಿದರು. ಇವತ್ತಿನ ಕಳ್ಳ ಗಾಜು ಒಡೆದು, ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್‌ಗಳ ಪರೀಕ್ಷೆಗೆಂದು ಇರುವ ಓಬಿಡಿ ಪಾಯಿಂಟಿಗೆ ಮಿಷನ್ ಚುಚ್ಚಿ, ತನ್ನದೇ ಕೀ ಸೇರಿಸಿಕೊಂಡು ಹೋಗುತ್ತಾನೆ. ಅವನಿಗಿಲ್ಲದ ಬೀಗ ಭಾವನಿಗೆ ಯಾಕೆ? ಆ ಭಾವ ತಮ್ಮ ಕಾರು ಬಿಟ್ಟು ಬೇರೆಯವರ ಕಾರಿನ ಬಾಗಿಲು ಮುಟ್ಟಿದವರಲ್ಲ, ಎತ್ತಿನ ಹಲ್ಲು ಬೇರೆ ವಿಷಯ.

ಇನ್ನೊಂದು ಹೇಳುತ್ತೇನೆ ಕೇಳಿ. ಆ ಸ್ಕೂಟರ್ ಹುಡುಗ ಬಂದವನೇ ಮೊದಲು ಕೇಳಿದ್ದು, "ಅಂಕಲ್, ಆರ್‌ಸಿ ತೋರಿಸಿ." ಭಾವನ ಲೈಸೆನ್ಸಿನ ಜೊತೆ ಇಟ್ಟು ಮೊಬೈಲಲ್ಲಿ ಫೋಟೋ ಹೊಡೆದುಕೊಂಡ. ಆಮೇಲೇ ಸ್ಟೀರಿಂಗ್ ಕೆಳಗೆ ಬಗ್ಗಿ, ಆ ಹದಿನಾರು ಪಿನ್ನಿನ ಪಾಯಿಂಟಿಗೆ ತನ್ನ ಟ್ಯಾಬಿನ ವೈರು ಸಿಕ್ಕಿಸಿದ್ದು. "ಕಳೆದಿರೋ ಕೀನ ಡಿಲೀಟ್ ಮಾಡ್ತೀನಿ ಅಂಕಲ್. ಇರೋ ಕೀ, ಹೊಸಾ ಕೀ, ಇವೆರಡೇ ನಡೆಯೋದು" ಅಂದ. ಶೋರೂಂನಲ್ಲಿ ಲಾಕ್‌ಸೆಟ್ ಬಗ್ಗೆ ಅಷ್ಟೊತ್ತು ಭಾಷಣ ಮಾಡಿದವರು ಇದೊಂದು ಮಾತು ಹೇಳಲಿಲ್ಲ.

ಇದು ನನ್ನೊಬ್ಬನ ಗೊಣಗಾಟ ಅಂದುಕೊಳ್ಳಬೇಡಿ. 2014ರ ಆಗಸ್ಟಿನಲ್ಲಿ ದೇಶದ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತ್ತು. ಬಿಡಿಭಾಗ, ಪರೀಕ್ಷೆಯ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಹಿಡಿದಿಟ್ಟುಕೊಂಡಿದ್ದೀರಿ, ಅವರಿಗೂ ಸಿಗುವಂತೆ ಮಾಡಿ ಅಂತ. ಆಮೇಲೆ ಅದು ಅಪೀಲು, ಕೋರ್ಟು ಅಂತ ಹೋಯಿತು, ಹೋಗಲೇಬೇಕಲ್ಲ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೊಂದು ಸಮಿತಿ ಮಾಡಿ, ಅದರ ಪಟ್ಟಿಯಲ್ಲಿ ಮೊಬೈಲು, ಟ್ರ್ಯಾಕ್ಟರುಗಳ ಜೊತೆ ಕಾರನ್ನೂ ಸೇರಿಸಿತು. ಒಂದು ಪೋರ್ಟಲ್ಲೂ ಬಂತು. ಬಟವಾಡಿಗೆ ಬಂದಿದ್ದು ಮಾತ್ರ ಸ್ಕೂಟರ್ ಹುಡುಗ.

ಗುಬ್ಬಿ ಗೇಟ್ ಹತ್ತಿರ ನನ್ನ ಟಿವಿ ರಿಪೇರಿ ಅಂಗಡಿ ಇದ್ದದ್ದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು, ಕೆಲವರ ಬಾಕಿ ಇನ್ನೂ ಬಂದಿಲ್ಲ. ಆಗ ಸೆಟ್ಟಿನ ಜೊತೆ ಸರ್ಕ್ಯೂಟ್ ನಕ್ಷೆ ಬರುತ್ತಿತ್ತು. ಕಂಪನಿಯವರೇ ಕೊಡುತ್ತಿದ್ದರು, ತಗೋ, ಕೆಟ್ಟರೆ ನೋಡಿಕೋ ಅಂತ. ಯಾವ ಟ್ರಾನ್ಸಿಸ್ಟರಿನ ಕಾಲಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನುವುದೂ ಅದರಲ್ಲಿರುತ್ತಿತ್ತು. ಆಮೇಲೆ ನಕ್ಷೆ ನಿಂತವು, "ಬೋರ್ಡೇ ಬದಲಾಯಿಸಿ" ಶುರುವಾಯಿತು, ನಾನು ಶಟರ್ ಎಳೆದೆ. ಇವತ್ತು ಆ ಹುಡುಗ ಟ್ಯಾಬ್ ನೋಡುತ್ತಿದ್ದಾಗ ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದೆ. ಹೇಳೋಕೇನು, ಸ್ವಲ್ಪ ಅಸೂಯೆ ಆಯಿತು. ಜಾಸ್ತಿ ಆಗಿದ್ದು ಖುಷಿ. ಯಾರೋ ಒಬ್ಬ ಕಂಪನಿಯವರ ಬಾಯಿಂದ ಗುಟ್ಟು ಕಿತ್ತುಕೊಂಡು ಬಂದಿದ್ದಾನಲ್ಲ ಅಂತ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಗಾಡಿ ಡೆಲಿವರಿ ದಿನ ಹೂವಿನ ಹಾರ ಹಾಕಿ, ರಟ್ಟಿನ ದೊಡ್ಡ ಕೀ ಕೈಗೆ ಕೊಟ್ಟು ಫೋಟೋ ತೆಗೆಯುತ್ತೀರಲ್ಲ, ಅದರ ಬದಲು ಮುಚ್ಚಿದ ಕವರಿನಲ್ಲಿ ಪಿನ್ ಕೋಡ್ ಕೊಡಿ. ಎರಡು ಕೀ ಇದ್ದವರು ಮೂರನೆಯದನ್ನು ತಾವೇ ಸೇರಿಸಿಕೊಳ್ಳೋ ದಾರಿ ಪುಸ್ತಕದಲ್ಲಿ ಬರೆಯಿರಿ. ಕಾರು ಇರುವವರು ಇವತ್ತೇ ಕೀ ಗೊಂಚಲು ನೋಡಿ. ಹೊಸದಾಗಿ ಬಂದಾಗ ಅದರಲ್ಲಿ ನಂಬರ್ ಹೊಡೆದಿರುವ ಚಿಕ್ಕ ಬಿಲ್ಲೆ ಇರುತ್ತದೆ. ಅದನ್ನು ಗೊಂಚಲಿನಿಂದ ಬಿಚ್ಚಿ ಬೀರುವಿನಲ್ಲಿಡಿ, ಕೀ ಕಟಿಂಗ್‌ಗೆ ಬೇಕಾಗುವುದು ಆ ನಂಬರೇ. ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಎರಡೂ ಕೀ ಕೇಳುತ್ತಾರೆ, ಕಳೆದುಹೋಗಿದ್ದರೆ ಪೊಲೀಸ್ ದೂರಿನ ಕಾಪಿ ಇಟ್ಟುಕೊಂಡಿರಿ.

ಭಾವನಿಗೆ ಇನ್ನೂ ಸಮಾಧಾನ ಇಲ್ಲ. "ಜಾತ್ರೆಯಲ್ಲಿ ಸಿಕ್ಕಿದವನು ಹುಡುಕಿಕೊಂಡು ಬಂದು ಬಾಗಿಲು ತೆಗೆದರೆ?" ಅಂತ ಈಗಷ್ಟೇ ಫೋನ್ ಮಾಡಿದ್ದರು. ತೆಗೀಲಿ ಬಿಡಿ ಭಾವ, ಒಳಗೆ ಕೂತು ರೇಡಿಯೋ ಕೇಳಿಕೊಂಡು ಹೋಗ್ತಾನೆ. ಓಡಿಸೋಕಂತೂ ಆಗಲ್ಲ.