ಅವಧಿ ಮುಗಿದ ನೋಂದಣಿಯ ಹೆಸರಲ್ಲಿ ಒಂದು ಯುದ್ಧ

ಚೀನಾದ ಮೇಲೆ ಬ್ರಿಟನ್ ಹೂಡಿದ ಎರಡನೇ ಅಫೀಮು ಯುದ್ಧ (1856–60) ಯಾಕಾಯಿತು ಅಂದರೆ, ಬ್ರಿಟಿಷ್ ಧ್ವಜಕ್ಕೆ ಚೀನಾದವರು ಅವಮಾನ ಮಾಡಿದ್ದಕ್ಕೆ ಎಂಬ ಉತ್ತರ ಇವತ್ತಿಗೂ ಸಿಗುತ್ತದೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1856ರ ಅಕ್ಟೋಬರ್ 8ರಂದು ಕ್ಯಾಂಟನ್‌ನಲ್ಲಿ, ಅಂದರೆ ಇಂದಿನ ಗುವಾಂಗ್‌ಝೌನಲ್ಲಿ, 'ಆ್ಯರೋ' ಎಂಬ ಹಡಗನ್ನು ಹತ್ತಿದ ಚೀನೀ ಅಧಿಕಾರಿಗಳು ಕಡಲ್ಗಳ್ಳತನದ ಅನುಮಾನದ ಮೇಲೆ 12 ನಾವಿಕರನ್ನು ಹಿಡಿದರು. ಆಗ ಹಡಗಿನ ಬ್ರಿಟಿಷ್ ಧ್ವಜವನ್ನೂ ಇಳಿಸಿದರು ಎಂಬುದು ಬ್ರಿಟಿಷರ ದೂರು. ಮಾಲೀಕ ಚೀನೀಯ. ನಾವಿಕರೂ ಚೀನೀಯರೇ. ಹಡಗು ನಿಂತಿದ್ದದ್ದು ಚೀನಾದ ನೀರಲ್ಲಿ. ಬ್ರಿಟಿಷರ ಪಾಲಿಗೆ ಇದ್ದದ್ದು ಬ್ರಿಟಿಷ್ ವಸಾಹತು ಹಾಂಗ್‌ಕಾಂಗ್‌ನಲ್ಲಿ ಮಾಡಿಸಿದ, ಬ್ರಿಟಿಷ್ ಧ್ವಜ ಹಾರಿಸುವ ಹಕ್ಕು ಕೊಡುವ ಒಂದು ನೋಂದಣಿ, ಹೆಸರಿಗೊಬ್ಬ ಬ್ರಿಟಿಷ್ ಕ್ಯಾಪ್ಟನ್.

ಎರಡೂ ದೇಶಗಳ 1843ರ ಒಪ್ಪಂದದ ಪ್ರಕಾರ ಬ್ರಿಟಿಷ್ ಹಡಗಿನಲ್ಲಿ ಚೀನೀ ಅಪರಾಧಿ ಇದ್ದರೆ ಚೀನೀ ಅಧಿಕಾರಿಗಳು ಬ್ರಿಟಿಷ್ ಅಧಿಕಾರಿಯನ್ನು ಕೇಳಬೇಕು, ತಾವೇ ಹಿಡಿಯುವ ಹಾಗಿಲ್ಲ. ಕ್ಯಾಂಟನ್‌ನಲ್ಲಿ ಬ್ರಿಟನ್ನಿನ ಪ್ರತಿನಿಧಿಯಾಗಿದ್ದ ಕಾನ್ಸಲ್ ಹ್ಯಾರಿ ಪಾರ್ಕ್ಸ್ ಇದನ್ನೇ ಹಿಡಿದುಕೊಂಡ. ಆದರೆ ಅದು ಬ್ರಿಟಿಷ್ ಹಡಗಾಗಿತ್ತಾ? ನೋಂದಣಿ ಸೆಪ್ಟೆಂಬರ್ 27ಕ್ಕೇ ಮುಗಿದಿತ್ತು. ಹಾಂಗ್‌ಕಾಂಗ್ ಗವರ್ನರ್ ಜಾನ್ ಬೌರಿಂಗ್ ಪಾರ್ಕ್ಸ್‌ಗೆ ಬರೆದ ಪತ್ರದಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಅವಧಿ ಮುಗಿದದ್ದು ಚೀನಾದವರಿಗೆ ಗೊತ್ತಿಲ್ಲ ಎಂದೂ ಬರೆದಿದ್ದಾನೆ!

ನನ್ನ ತಕರಾರು ಬೌರಿಂಗ್ ಒಬ್ಬನ ಮೇಲಲ್ಲ, ಅವನನ್ನು ಅಲ್ಲಿ ಕೂರಿಸಿದ ವ್ಯವಸ್ಥೆಯ ಮೇಲೆ. ಆಗ ಬೀಜಿಂಗ್‌ನಲ್ಲಿ ಬ್ರಿಟಿಷ್ ರಾಯಭಾರಿ ಇರಲಿಲ್ಲ. ವಸಾಹತಿನ ಗವರ್ನರೇ ಚೀನಾದ ಜೊತೆ ಮಾತಾಡುವ ರಾಜತಾಂತ್ರಿಕ, ಅವನೇ ವ್ಯಾಪಾರದ ಮೇಲ್ವಿಚಾರಕ. ಹಡಗಿಗೆ ನೋಂದಣಿ ಕೊಟ್ಟದ್ದು ಅವನ ಸರ್ಕಾರ, ಅವಮಾನ ಆಯಿತೆಂದು ದೂರುವವನೂ ಅವನೇ. ಆ ಕಡೆ ಚೀನಾವನ್ನು ಆಳುತ್ತಿದ್ದ ಚಿಂಗ್ ವಂಶದ ಅರಮನೆಯೂ ಪಾಶ್ಚಾತ್ಯರನ್ನು ರಾಜಧಾನಿಗೆ ಬಿಟ್ಟುಕೊಳ್ಳದೆ, ಎಲ್ಲವನ್ನೂ ಕ್ಯಾಂಟನ್‌ನ ಗವರ್ನರ್ ಜನರಲ್ ಯೆ ಮಿಂಗ್‌ಚೆನ್ ತಲೆಗೆ ಕಟ್ಟಿತ್ತು. ಇವರಿಬ್ಬರ ನಡುವೆ ಮಾತು ಕೆಟ್ಟರೆ ಬೇರೆ ಯಾರ ಹತ್ತಿರ ಹೋಗುವುದು? ಲಂಡನ್‌ಗೆ ಪತ್ರ ಮುಟ್ಟಲು ತಿಂಗಳುಗಳೇ ಬೇಕಿತ್ತು.

ಯೆ ಮೊದಲು 9 ಜನರನ್ನು ವಾಪಸ್ ಕೊಡಲು ಬಂದ. ಪಾರ್ಕ್ಸ್ ಒಪ್ಪಲಿಲ್ಲ. ಅಕ್ಟೋಬರ್ 22ಕ್ಕೆ 12 ಜನರನ್ನೂ ಕಳಿಸಿದ, ಕ್ಷಮೆ ಮಾತ್ರ ಕೇಳಲಿಲ್ಲ. ಯಾಕೆ ಕೇಳಬೇಕಿತ್ತು ಹೇಳಿ? ಮರುದಿನವೇ ಬ್ರಿಟಿಷ್ ನೌಕಾಪಡೆ ಕ್ಯಾಂಟನ್‌ನ ಕೋಟೆಗಳ ಮೇಲೆ ಬಿತ್ತು. ಬ್ರಿಟಿಷರಿಗೆ ಕ್ಯಾಂಟನ್ ನಗರದೊಳಗೆ ಪ್ರವೇಶ ಬೇಕೆಂಬ ಬೌರಿಂಗ್‌ನ ಹಳೇ ಹಟವೂ ಬೇಡಿಕೆಗಳ ಜೊತೆ ಸೇರಿಕೊಂಡಿತು. ನಾವಿಕರ ವಿಷಯ ಬರೀ ನೆಪ ಎನ್ನಲು ಇನ್ನೇನು ಬೇಕು?

ಬ್ರಿಟನ್‌ನಲ್ಲೂ ಇದನ್ನು ವಿರೋಧಿಸಿದವರಿದ್ದರು. 1857ರ ಮಾರ್ಚ್‌ನಲ್ಲಿ ಸಂಸದ ರಿಚರ್ಡ್ ಕಾಬ್ಡೆನ್ ಸಂಸತ್ತಿನಲ್ಲಿ ಸರ್ಕಾರದ ವಿರುದ್ಧ ತಂದ ಖಂಡನಾ ನಿರ್ಣಯ 263–247 ಮತಗಳಿಂದ ಗೆದ್ದಿತು. ಪ್ರಧಾನಿ ಪಾಮರ್‌ಸ್ಟನ್ ಚುನಾವಣೆಗೆ ಹೋದ, ಗೆದ್ದೂ ಬಂದ. ಕಾಬ್ಡೆನ್ ಸೋತ.

1858ರ ಜನವರಿಯಲ್ಲಿ ಯೆ ಸೆರೆ ಸಿಕ್ಕ. ಯಾವ ವಿಚಾರಣೆಯೂ ಇಲ್ಲದೆ ಅವನನ್ನು ನಮ್ಮ ಕಲ್ಕತ್ತಾಗೆ ಸಾಗಿಸಿದರು. 1859ರಲ್ಲಿ ಅಲ್ಲೇ ತೀರಿಕೊಂಡ. ಚೀನಾದ ನೀರಲ್ಲಿ ಚೀನೀ ನಾವಿಕರನ್ನು ಹಿಡಿದದ್ದು ಕಾನೂನುಬಾಹಿರ ಅಂದವರೇ ಇದನ್ನೂ ಮಾಡಿದ್ದು.